ಬೇಸಿಗೆಯಲ್ಲಿ ವೀರ್ಯಾಣು ಕೌಂಟ್ ಇಳಿಯುವುದು: ಎಷ್ಟು ಋತುವಿನದು, ಎಷ್ಟು ನಮ್ಮ ಲ್ಯಾಬಿನದು?

ಹಾಸನ_ಲ್ಯಾಬ್‌ಟೆಕ್ (ಪ್ರಶ್ನೆ)

ನಮ್ಮದು ಹಾಸನದಲ್ಲಿ ಸಣ್ಣ ಲ್ಯಾಬ್. ವೀರ್ಯ ಪರೀಕ್ಷೆಗೆ ಬೇಲೂರು, ಸಕಲೇಶಪುರ, ಅರಕಲಗೂಡು ಕಡೆಯಿಂದಲೂ ಬರುತ್ತಾರೆ. ರಿಜಿಸ್ಟರ್ ತಿರುವಿದರೆ ಡಿಸೆಂಬರ್-ಜನವರಿಯ ಕೌಂಟ್‌ಗಳು ಎತ್ತರದಲ್ಲಿವೆ, ಏಪ್ರಿಲ್‌ನಿಂದ ಜೂನ್‌ವರೆಗಿನವು ಇಳಿದಿವೆ. ಒಬ್ಬರದೇ ಎರಡು ರಿಪೋರ್ಟ್ ಉದಾಹರಣೆಗೆ ಕೊಡುತ್ತೇನೆ.

ಜನವರಿ: ಪ್ರಮಾಣ 3.6 ಮಿಲಿ, ಸಾಂದ್ರತೆ ಮಿಲಿಗೆ 62 ಮಿಲಿಯನ್, ಮುಂದಕ್ಕೆ ಚಲಿಸುವವು ಶೇ. 28. ಶಬರಿಮಲೆಗೆ ಹೋಗಿ ಬಂದವರು, ಅಬ್‌ಸ್ಟಿನೆನ್ಸ್ (ವೀರ್ಯ ಹೊರಹೋಗದೆ ಕಳೆದ ದಿನಗಳು) 40 ದಿನಕ್ಕೂ ಮೇಲೆ ಎಂದು ಫಾರಂನಲ್ಲಿದೆ.
ಮೇ: ಪ್ರಮಾಣ 2.2 ಮಿಲಿ, ಸಾಂದ್ರತೆ 31 ಮಿಲಿಯನ್, ಮುಂದಕ್ಕೆ ಚಲಿಸುವವು ಶೇ. 41. ಅಬ್‌ಸ್ಟಿನೆನ್ಸ್ 3 ದಿನ.

62 ಇದ್ದದ್ದು 31 ಆಯಿತಲ್ಲ ಎಂದು ಗಂಡ-ಹೆಂಡತಿ ಇಬ್ಬರೂ ಗಾಬರಿಯಾಗಿದ್ದಾರೆ. ಅದರ ಜೊತೆಗೆ ಸಂಜೆ ತೆಗೆದ ಟೆಸ್ಟೋಸ್ಟೆರಾನ್ (ಗಂಡು ಹಾರ್ಮೋನು) ಕೂಡ ಡೆಸಿಲೀಟರಿಗೆ 290 ನ್ಯಾನೋಗ್ರಾಂ ಬಂದಿದೆ. ಇದು ಸೆಕೆಯ ಪರಿಣಾಮವೇ? ಹಾರ್ಮೋನು ಕೂಡ ಋತುವಿಗೆ ತಕ್ಕಂತೆ ಏರಿಳಿಯುತ್ತದೆಯೇ? ಮಳೆಗಾಲ ಮುಗಿಯುವವರೆಗೆ ಕಾದು ಮತ್ತೆ ಮಾಡಿಸಿ ಎನ್ನಬಹುದೇ? ಬಲ್ಲವರು ಬಿಡಿಸಿ ಹೇಳಿ.

---

ಆಂಡ್ರಾಲಜಿ_ಬೆಂಚ್

ಸರ್, ಮೊದಲು ಆ ಎರಡು ರಿಪೋರ್ಟ್ ನೋಡೋಣ. ಸಾಂದ್ರತೆಯ ಅಂಕಿ ಒಂದನ್ನೇ ಹಿಡಿದುಕೊಂಡರೆ ದಾರಿ ತಪ್ಪುತ್ತದೆ. ಜನವರಿಯಲ್ಲಿ ಒಟ್ಟು ವೀರ್ಯಾಣು 3.6 × 62, ಅಂದರೆ ಸುಮಾರು 223 ಮಿಲಿಯನ್. ಮೇನಲ್ಲಿ 2.2 × 31, ಸುಮಾರು 68 ಮಿಲಿಯನ್. ವಿಶ್ವ ಆರೋಗ್ಯ ಸಂಸ್ಥೆಯ 2021ರ ಕೈಪಿಡಿಯಲ್ಲಿ ಕೆಳಮಿತಿ ಹೀಗಿದೆ: ಪ್ರಮಾಣ 1.4 ಮಿಲಿ, ಸಾಂದ್ರತೆ 16 ಮಿಲಿಯನ್, ಒಟ್ಟು 39 ಮಿಲಿಯನ್, ಮುಂದಕ್ಕೆ ಚಲಿಸುವವು ಶೇ. 30, ಸಹಜ ಆಕಾರದವು ಶೇ. 4. ಮೇ ತಿಂಗಳ ರಿಪೋರ್ಟ್‌ನಲ್ಲಿ ನೀವು ಕೊಟ್ಟಿರುವ ಅಂಕಿಗಳೆಲ್ಲ ಈ ಗೆರೆಯ ಮೇಲೆಯೇ ಇವೆ. ಗೆರೆಯ ಕೆಳಗೆ ಬಿದ್ದದ್ದು ಜನವರಿಯ ಚಲನೆ. ಗಾಬರಿಪಡಬೇಕಾದ ರಿಪೋರ್ಟ್ ಯಾವುದಾದರೂ ಇದ್ದರೆ ಅದು ಜನವರಿಯದು, ಅದಕ್ಕೂ ಕಾರಣ ಎದುರಿಗೇ ಇದೆ.

ಮಾಲೆ ಹಾಕಿದ 41 ದಿನ ಬ್ರಹ್ಮಚರ್ಯ. ಅಷ್ಟು ದಿನ ಹೊರಗೆ ಹೋಗದ ವೀರ್ಯಾಣು ಎಪಿಡಿಡಿಮಿಸ್‌ನಲ್ಲಿ (ವೃಷಣಕ್ಕೆ ಅಂಟಿಕೊಂಡಿರುವ ಸುರುಳಿ ನಾಳದಲ್ಲಿ) ತುಂಬಿಕೊಳ್ಳುತ್ತದೆ. ಪ್ರಮಾಣ ಏರುತ್ತದೆ, ಕೌಂಟ್ ಏರುತ್ತದೆ. ಆದರೆ ಹಳೆಯವು ಅಲ್ಲೇ ಸಾಯುತ್ತಿರುವುದರಿಂದ ಚಲನೆ ಇಳಿಯುತ್ತದೆ, ಡಿಎನ್‌ಎ ತುಂಡಾದವು ಹೆಚ್ಚುತ್ತವೆ. ನಮ್ಮ ಕಡೆ ನವೆಂಬರ್‌ನಿಂದ ಜನವರಿವರೆಗೆ ಎಷ್ಟು ಜನ ಮಾಲೆ ಹಾಕುತ್ತಾರೆ ಎಂಬುದು ನಿಮಗೇ ಗೊತ್ತು. ನಿಮ್ಮ ರಿಜಿಸ್ಟರ್‌ನ 'ಚಳಿಗಾಲದ ಏರಿಕೆ'ಯಲ್ಲಿ ಒಂದಷ್ಟು ಪಾಲು ಇದರದು. ಆಷಾಢದಲ್ಲೂ ಇದೇ ಕಥೆ. ಹೊಸ ಸೊಸೆ ತವರಿಗೆ ಹೋಗಿರುತ್ತಾಳೆ, ಗಂಡ ಆ ಬಿಡುವಿನಲ್ಲೇ ಟೆಸ್ಟ್ ಮಾಡಿಸಿಕೊಂಡು ಬರೋಣ ಎಂದು ಲ್ಯಾಬಿಗೆ ಬರುತ್ತಾನೆ. ಆದ್ದರಿಂದ ಅಬ್‌ಸ್ಟಿನೆನ್ಸ್ 2ರಿಂದ 7 ದಿನದೊಳಗೆ ಇಲ್ಲದ ಸ್ಯಾಂಪಲ್‌ಗಳನ್ನೆಲ್ಲ ಬದಿಗಿಟ್ಟು ನಿಮ್ಮ ತಿಂಗಳವಾರು ಸರಾಸರಿಯನ್ನು ಮತ್ತೆ ಹಾಕಿ ನೋಡಿ. ಇದೊಂದನ್ನು ಮಾಡದೆ ಋತುವಿನ ಮಾತು ಎತ್ತುವುದೇ ಬೇಡ. ವ್ರತ ಮುಗಿಸಿ ಬಂದವರಿಗೆ ಒಂದೆರಡು ಸಲ ವೀರ್ಯ ಹೊರಹೋದ ಮೇಲೆ 3 ದಿನ ಬಿಟ್ಟು ಬನ್ನಿ ಎಂದು ಹೇಳಿ ಕಳಿಸಿ.

ಇನ್ನು ನಿಜವಾದ ಋತು ವ್ಯತ್ಯಾಸ. ಇದೆ, ಇಲ್ಲ ಎನ್ನುವಂತಿಲ್ಲ. ಟೆಕ್ಸಾಸ್‌ನಲ್ಲಿ ಹೊರಗೆ ಬಿಸಿಲಲ್ಲಿ ದುಡಿಯುವವರ ಮೇಲೆ ನಡೆದು 1990ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಬೇಸಿಗೆಯ ಸಾಂದ್ರತೆ ಚಳಿಗಾಲಕ್ಕಿಂತ ಶೇ. 32 ಕಡಿಮೆ, ಒಟ್ಟು ಕೌಂಟ್ ಶೇ. 24 ಕಡಿಮೆ ಬಂತು. ಅದೇ ತಂಡ 1992ರಲ್ಲಿ ಎ.ಸಿ. ವಾತಾವರಣದಲ್ಲಿರುವವರನ್ನು ನೋಡಿದಾಗ ಅವರಲ್ಲೂ ಬೇಸಿಗೆಯ ಇಳಿತ ನಿಲ್ಲಲಿಲ್ಲ. ಹಾಗಾಗಿ ಸೆಕೆಯೊಂದೇ ಅಲ್ಲ, ಹಗಲಿನ ಉದ್ದಕ್ಕೂ ಪಾಲಿರಬಹುದು ಎಂಬ ಯೋಚನೆ ಬಂತು. ಇಸ್ರೇಲ್‌ನ ಬೀರ್‌ಶೇಬಾದಲ್ಲಿ 6,455 ಸ್ಯಾಂಪಲ್ ನೋಡಿ 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲೂ ಚಳಿಗಾಲ ಮತ್ತು ವಸಂತದ್ದೇ ಚೆನ್ನಾಗಿತ್ತು, ಆದರೆ ಅಂತರ ಸಣ್ಣದು.

ಹಾಸನಕ್ಕೆ ಇದನ್ನು ಹಾಗೇ ಎತ್ತಿಟ್ಟರೆ ಆಗದು. ನಾವಿರುವುದು 13 ಡಿಗ್ರಿ ಅಕ್ಷಾಂಶದಲ್ಲಿ. ಜೂನ್‌ನ ಅತಿ ಉದ್ದದ ಹಗಲಿಗೂ ಡಿಸೆಂಬರ್‌ನ ಅತಿ ಚಿಕ್ಕ ಹಗಲಿಗೂ ಇಲ್ಲಿ ಒಂದೂವರೆ ಗಂಟೆಯಷ್ಟೇ ವ್ಯತ್ಯಾಸ. ಸೆಕೆ ಕೂಡ ಜೂನ್-ಜುಲೈನದಲ್ಲ, ಮಾರ್ಚ್‌ನಿಂದ ಮೇ ಆರಂಭದವರೆಗಿನದು. ಮುಂಗಾರು ಹಿಡಿದರೆ ತಣ್ಣಗಾಗುತ್ತದೆ. ಹಾಗಾಗಿ ನಮ್ಮಲ್ಲಿ ಹಗಲಿನ ಉದ್ದಕ್ಕಿಂತ ವೃಷಣಕ್ಕೆ ತಾಗುವ ಬಿಸಿಯದೇ ದೊಡ್ಡ ಲೆಕ್ಕ ಎಂದು ನನ್ನ ಅಭಿಪ್ರಾಯ. ವೃಷಣ ದೇಹಕ್ಕಿಂತ 2ರಿಂದ 4 ಡಿಗ್ರಿ ತಣ್ಣಗಿರಬೇಕು. ಬಿಸಿಗೆ ಮೊದಲು ನಲುಗುವುದು ಅರ್ಧ ಬೆಳೆದ ಕೋಶಗಳು, ಅಂದರೆ ವಿಭಜನೆಯ ಹಂತದಲ್ಲಿರುವವು ಮತ್ತು ಆಗಷ್ಟೇ ವಿಭಜನೆ ಮುಗಿಸಿದವು. ವೀರ್ಯಾಣು ತಯಾರಾಗಲು ಸುಮಾರು 74 ದಿನ, ಆಮೇಲೆ ಎಪಿಡಿಡಿಮಿಸ್‌ನಲ್ಲಿ ಹಾದು ಬರಲು ಎರಡು ವಾರದವರೆಗೆ. ಆದ್ದರಿಂದ ಇವತ್ತಿನ ಬಿಸಿ ಇವತ್ತಿನ ಸ್ಯಾಂಪಲ್‌ನಲ್ಲಿ ಕಾಣದು. ಏಪ್ರಿಲ್‌ನ ಸೆಕೆ ಮೇ ಕೊನೆಯಿಂದ ಜುಲೈವರೆಗೆ ಕಾಣುತ್ತದೆ. ಮಾರ್ಚ್ ಮೊದಲ ವಾರದಲ್ಲೇ ಕೌಂಟ್ ಇಳಿದಿದ್ದರೆ ಅದನ್ನು ಬೇಸಿಗೆಯ ತಲೆಗೆ ಕಟ್ಟಬೇಡಿ.

ಮೂರನೆಯದು ಬೆಂಚಿನ ಮೇಲೆ ಆಗುವ ಋತು ವ್ಯತ್ಯಾಸ. ಇದನ್ನು ಯಾರೂ ಗಮನಿಸುವುದಿಲ್ಲ, ನನಗೆ ಅದೇ ಬೇಸರ. ನ್ಯೂಬಾರ್ ಚೇಂಬರ್‌ಗೆ (ಕೋಶ ಎಣಿಸಲು ಗೆರೆ ಕೊರೆದ ಗಾಜಿನ ಸ್ಲೈಡಿಗೆ) ಸ್ಯಾಂಪಲ್ ಲೋಡ್ ಮಾಡಿದ ಮೇಲೆ ವೀರ್ಯಾಣು ತಳಕ್ಕಿಳಿಯಲು ಕನಿಷ್ಠ 4 ನಿಮಿಷ ಬಿಡಬೇಕು. ಏಪ್ರಿಲ್‌ನ ಒಣ ಗಾಳಿಯಲ್ಲಿ, ಮೇಲೆ ಫ್ಯಾನ್ ತಿರುಗುತ್ತಿದ್ದರೆ, ಅಷ್ಟರೊಳಗೆ ಅಂಚು ಒಣಗಲು ಶುರು. ದ್ರವ ಒಂದು ಕಡೆಗೆ ಎಳೆದುಕೊಂಡು ಎರಡು ಬದಿಯ ಎಣಿಕೆ ತಾಳೆಯಾಗುವುದಿಲ್ಲ. ಪೆಟ್ರಿ ಡಿಷ್‌ನಲ್ಲಿ ಒದ್ದೆ ಫಿಲ್ಟರ್ ಪೇಪರ್ ಹಾಸಿ ಚೇಂಬರನ್ನು ಅದರೊಳಗಿಟ್ಟು ಮುಚ್ಚಿ. ಚಳಿಗಾಲದಲ್ಲಿ ತೊಂದರೆ ಇನ್ನೊಂದು ಬಗೆಯದು. ಬೆಳಿಗ್ಗೆ 9ಕ್ಕೆ ತಣ್ಣಗಿರುವ ಸ್ಲೈಡಿನ ಮೇಲೆ ಹನಿ ಹಾಕಿದರೆ ಚೆನ್ನಾಗಿರುವ ವೀರ್ಯಾಣು ಕೂಡ ತೆವಳುತ್ತದೆ. ಸ್ಲೈಡ್, ಕವರ್‌ಸ್ಲಿಪ್ ಎರಡನ್ನೂ 37 ಡಿಗ್ರಿಗೆ ಬೆಚ್ಚಗಿಟ್ಟುಕೊಂಡು ನೋಡಿ. 10 ಮೈಕ್ರೋಲೀಟರ್ ಹನಿಗೆ 22 × 22 ಮಿಮೀ ಕವರ್‌ಸ್ಲಿಪ್, ಅದಕ್ಕಿಂತ ದೊಡ್ಡ ಹನಿ ಬೇಡ.

ಎಣಿಕೆಯಲ್ಲಿ ಒಂದು ಮಾತು. ಒಟ್ಟು 50 ವೀರ್ಯಾಣು ಎಣಿಸಿ ಬಿಟ್ಟರೆ ಉತ್ತರ ಆಚೀಚೆ ಶೇ. 28ರಷ್ಟು ತಪ್ಪಿರಬಹುದು. ನೀವು ಹುಡುಕುತ್ತಿರುವ ಋತು ವ್ಯತ್ಯಾಸವೇ ಅಷ್ಟಿದೆ! ಎರಡೂ ಬದಿಯಲ್ಲಿ 200ರಂತೆ 400 ಎಣಿಸಿದರೆ ಈ ತಪ್ಪು ಶೇ. 10ಕ್ಕೆ ಇಳಿಯುತ್ತದೆ. 400 ಪಟ್ಟು ಹಿಗ್ಗಿಸಿದಾಗ ಒಂದು ಫೀಲ್ಡಿನಲ್ಲಿ ನೂರಕ್ಕೂ ಹೆಚ್ಚು ಕಂಡರೆ 1:20, 16ರಿಂದ 100 ಕಂಡರೆ 1:5 ಡೈಲ್ಯೂಷನ್. ಎಲ್ಲಕ್ಕೂ ಒಂದೇ 1:20 ಬಳಸುವ ಲ್ಯಾಬ್‌ಗಳಲ್ಲಿ ಕಡಿಮೆ ಕೌಂಟಿನವರ ರಿಪೋರ್ಟ್ ಲಾಟರಿ ಇದ್ದಂತೆ. ದ್ರಾವಣವನ್ನು ಲ್ಯಾಬಿನಲ್ಲೇ ಮಾಡಿಕೊಳ್ಳಬಹುದು: ಲೀಟರಿಗೆ ಸೋಡಿಯಂ ಬೈಕಾರ್ಬೊನೇಟ್ 50 ಗ್ರಾಂ, ಶೇ. 35ರ ಫಾರ್ಮಲಿನ್ 10 ಮಿಲಿ. ನಡುವಿನ ಗ್ರಿಡ್‌ನಲ್ಲಿ ಎರಡೂ ಬದಿ ಸೇರಿ 10 ಸಾಲಿಗೆ 410 ಬಂದರೆ, ಸಾಲಿಗೆ 41. ಅದನ್ನು 20ರಿಂದ ಭಾಗಿಸಿ ಡೈಲ್ಯೂಷನ್ ಸಂಖ್ಯೆಯಿಂದ ಗುಣಿಸಿ. 1:20 ಆದರೆ ಮಿಲಿಗೆ 41 ಮಿಲಿಯನ್, 1:5 ಆದರೆ 10.25.

---

ಚಿಕ್ಕಮಗಳೂರು_ಫಿಜಿಷಿಯನ್

ಹಾರ್ಮೋನಿನ ಪ್ರಶ್ನೆಗೆ ನಾನು ಹೇಳುತ್ತೇನೆ. ಸಂಜೆಯ 290 ಎಂಬ ಅಂಕಿಯಿಂದ ಏನನ್ನೂ ತೀರ್ಮಾನಿಸಬೇಡಿ. ಟೆಸ್ಟೋಸ್ಟೆರಾನ್ ಬೆಳಿಗ್ಗೆ ಎತ್ತರದಲ್ಲಿದ್ದು ಸಂಜೆಗೆ ಇಳಿಯುತ್ತದೆ. ವಯಸ್ಸು ಚಿಕ್ಕದಾದಷ್ಟೂ ಈ ಇಳಿತ ಹೆಚ್ಚು, ಐದನೇ ಒಂದು ಭಾಗದಿಂದ ನಾಲ್ಕನೇ ಒಂದು ಭಾಗದವರೆಗೆ. ಊಟವೂ ಇಳಿಸುತ್ತದೆ. 75 ಗ್ರಾಂ ಗ್ಲೂಕೋಸ್ ಕುಡಿಸಿದಾಗ ಸುಮಾರು ಕಾಲು ಭಾಗ ಇಳಿದದ್ದನ್ನು ತೋರಿಸಿದ್ದಾರೆ. ಬೆಳಿಗ್ಗೆ 7ರಿಂದ 10ರೊಳಗೆ, ಖಾಲಿ ಹೊಟ್ಟೆಯಲ್ಲಿ, ಚೆನ್ನಾಗಿ ನಿದ್ದೆ ಮಾಡಿದ ಮರುದಿನ ರಕ್ತ ಕೊಡಬೇಕು. ಕಡಿಮೆ ಬಂದರೆ ಇನ್ನೊಂದು ದಿನ ಮತ್ತೆ. ಎರಡೂ ಸಲ 300ಕ್ಕಿಂತ ಕಡಿಮೆ ಇದ್ದರೆ ಮಾತ್ರ ಮುಂದಿನ ಯೋಚನೆ. ಅಮೆರಿಕದ ಮೂತ್ರಾಂಗ ತಜ್ಞರ ಸಂಘ ಹಿಡಿದಿರುವ ಗೆರೆ 300, ಅಲ್ಲಿನ ಎಂಡೋಕ್ರೈನ್ ಸೊಸೈಟಿಯ 2018ರ ಮಾರ್ಗಸೂಚಿಯಲ್ಲಿ 264. ಕೂದಲಿಗೆಂದು ಬಯೋಟಿನ್ ಮಾತ್ರೆ ನುಂಗುವವರು ಟೆಸ್ಟಿಗೆ ಮೊದಲು ಎರಡು-ಮೂರು ದಿನ ಅದನ್ನು ನಿಲ್ಲಿಸಬೇಕು, ಕೆಲವು ಯಂತ್ರಗಳಲ್ಲಿ ಅದು ಹಾರ್ಮೋನಿನ ಅಂಕಿಯನ್ನೇ ಕೆಡಿಸುತ್ತದೆ. ರಾತ್ರಿ ಪಾಳಿಯವರಿಗೆ ಬೆಳಿಗ್ಗೆ 8 ಗಂಟೆ ಎಂಬುದು ಬೆಳಗ್ಗೆಯಲ್ಲ, ಅವರು ಎದ್ದ ಮೇಲಿನ ಒಂದೆರಡು ಗಂಟೆಯೊಳಗೆ ತೆಗೆಯಿರಿ.

ಋತುವಿನ ಬಗ್ಗೆ ಹೇಳುವುದಾದರೆ ಅಧ್ಯಯನಗಳೇ ಒಂದಕ್ಕೊಂದು ತದ್ವಿರುದ್ಧ. ಬೇಸಿಗೆಯಲ್ಲಿ ಸೂರ್ಯ ಮುಳುಗದ, ಚಳಿಗಾಲದಲ್ಲಿ ಹುಟ್ಟದ ನಾರ್ವೆಯ ಟ್ರೊಮ್ಸೊದಲ್ಲಿ 1,548 ಗಂಡಸರನ್ನು ನೋಡಿ 2003ರಲ್ಲಿ ವರದಿ ಮಾಡಿದರು. ಒಟ್ಟು ಟೆಸ್ಟೋಸ್ಟೆರಾನ್ ಜೂನ್‌ನಲ್ಲಿ ತಳ, ಅಕ್ಟೋಬರ್-ನವೆಂಬರ್‌ನಲ್ಲಿ ಶಿಖರ. ಫ್ರೀ ಟೆಸ್ಟೋಸ್ಟೆರಾನ್‌ನ (ಪ್ರೋಟೀನಿಗೆ ಅಂಟದೆ ರಕ್ತದಲ್ಲಿ ಬಿಡಿಯಾಗಿರುವುದರ) ಅತಿ ಕಡಿಮೆ ತಿಂಗಳಿಗೂ ಅತಿ ಹೆಚ್ಚು ತಿಂಗಳಿಗೂ ಶೇ. 31 ಅಂತರ. ಅದೇ ವರ್ಷ ಪ್ರಕಟವಾದ ಡೆನ್ಮಾರ್ಕ್‌ನ ಅಧ್ಯಯನದಲ್ಲಿ, ಅಲ್ಲಿನ ಒಂದೇ ಗುಂಪಿನ ಗಂಡಸರ ರಕ್ತವನ್ನು 17 ತಿಂಗಳು ತಿಂಗಳಿಗೊಮ್ಮೆ ತೆಗೆದು ನೋಡಿದಾಗ ಎಲ್‌ಎಚ್ (ವೃಷಣದಿಂದ ಟೆಸ್ಟೋಸ್ಟೆರಾನ್ ಹೊರಡಿಸುವ ಹಾರ್ಮೋನು) ಮತ್ತು ಟೆಸ್ಟೋಸ್ಟೆರಾನ್ ಜೂನ್-ಜುಲೈನಲ್ಲೇ ಎತ್ತರದಲ್ಲಿದ್ದವು. ಬಾಸ್ಟನ್‌ನಲ್ಲಿ ಹೇಳಿಕೊಳ್ಳುವಂಥ ಏರಿಳಿತವೇ ಸಿಗಲಿಲ್ಲ. ಅಷ್ಟು ಉತ್ತರದ ಊರುಗಳಲ್ಲೇ ಒಮ್ಮತವಿಲ್ಲ ಎಂದ ಮೇಲೆ, ವರ್ಷವಿಡೀ ಹನ್ನೆರಡು ಗಂಟೆಯ ಆಸುಪಾಸು ಹಗಲಿರುವ ನಮ್ಮಲ್ಲಿ ತಿಂಗಳು ನೋಡಿ ಟೆಸ್ಟೋಸ್ಟೆರಾನ್ ರಿಪೋರ್ಟನ್ನು ತಿದ್ದಿ ಓದಬೇಕಾದ ಅಗತ್ಯವೇ ಇಲ್ಲ. ಗಡಿಯಾರ ನೋಡಿ, ಕ್ಯಾಲೆಂಡರ್ ಬೇಡ.

ಇನ್ನೊಂದು ಮಾತು, ಇದನ್ನು ಎಷ್ಟು ಸಲ ಹೇಳಿದರೂ ಕಡಿಮೆಯೇ. ಅಂಕಿ ಕಡಿಮೆ ಬಂತೆಂದು ಟೆಸ್ಟೋಸ್ಟೆರಾನ್ ಇಂಜೆಕ್ಷನ್ ಚುಚ್ಚಿಸಿಕೊಳ್ಳುವವರಿದ್ದಾರೆ, ಜಿಮ್‌ಗಳಲ್ಲೂ ಸಿಗುತ್ತದೆ. ಮಗು ಬೇಕೆನ್ನುವವರು ಅದನ್ನು ಮುಟ್ಟಲೇಬಾರದು. ಹೊರಗಿನಿಂದ ಹಾರ್ಮೋನು ಬಂದೊಡನೆ ಮೆದುಳಿನ ಬುಡದ ಪಿಟ್ಯುಟರಿ ಗ್ರಂಥಿ, ವೃಷಣವನ್ನು ನಡೆಸುವ ಎಲ್‌ಎಚ್, ಎಫ್‌ಎಸ್‌ಎಚ್ ಹಾರ್ಮೋನುಗಳೆರಡನ್ನೂ ನಿಲ್ಲಿಸುತ್ತದೆ. ವೃಷಣದೊಳಗಿನ ಟೆಸ್ಟೋಸ್ಟೆರಾನ್ ಕುಸಿದು ವೀರ್ಯಾಣು ಉತ್ಪಾದನೆಯೇ ನಿಲ್ಲುತ್ತದೆ. ವಾರಕ್ಕೆ 200 ಮಿಗ್ರಾಂ ಇಂಜೆಕ್ಷನ್ನನ್ನು ಗಂಡಸರ ಗರ್ಭನಿರೋಧಕವಾಗಿಯೇ ವಿಶ್ವ ಆರೋಗ್ಯ ಸಂಸ್ಥೆ ಪರೀಕ್ಷಿಸಿತ್ತು, ಬಹುಪಾಲು ಜನರಲ್ಲಿ ಕೌಂಟ್ ಸೊನ್ನೆಗೆ ಇಳಿದಿತ್ತು. ಬಿಟ್ಟ ಮೇಲೆ ಮರಳಲು ಆರು ತಿಂಗಳಿಂದ ಒಂದು ವರ್ಷ, ಕೆಲವರಿಗೆ ಅದಕ್ಕೂ ಹೆಚ್ಚು. ಬೇಸಿಗೆಯ ಸೆಕೆ ಮಾಡುವ ಹಾನಿ ಇದರ ಮುಂದೆ ಏನೇನೂ ಅಲ್ಲ.

---

ಅರಸೀಕೆರೆ_ಪಶುವೈದ್ಯ

ಮನುಷ್ಯರ ವಿಷಯದಲ್ಲಿ ನಾನು ಕೈ ಹಾಕುವುದಿಲ್ಲ. ಆದರೆ ಬಿಸಿ ಮತ್ತು ಬೆಳಕು ಎರಡನ್ನೂ ಬೇರೆ ಬೇರೆ ಮಾಡಿ ನೋಡಿರುವುದು ಪ್ರಾಣಿಗಳಲ್ಲಿ, ಅದಕ್ಕೇ ಬರೆಯುತ್ತಿದ್ದೇನೆ.

ಯುರೋಪಿನ ಟಗರುಗಳು ಬೆಳಕಿಗೆ ಕಟ್ಟುಬಿದ್ದವು. ರಾತ್ರಿ ಉದ್ದವಾದಂತೆ ಮೆಲಟೋನಿನ್ ಹೆಚ್ಚು ಹೊತ್ತು ಸ್ರವಿಸಿ ಸಂತಾನದ ಹಾರ್ಮೋನುಗಳು ಚುರುಕಾಗುತ್ತವೆ, ವೃಷಣದ ಗಾತ್ರವೇ ಹಿಗ್ಗುತ್ತದೆ. ನಮ್ಮ ಹಾಸನ, ಬನ್ನೂರು ತಳಿಯ ಟಗರುಗಳು ವರ್ಷಪೂರ್ತಿ ಹೆಣ್ಣುಕುರಿ ಹಾರುತ್ತವೆ. ಇಲ್ಲಿ ಬೆಳಕಿಗಿಂತ ಮೇವಿನದೇ ಯಜಮಾನಿಕೆ, ಮಳೆ ಬಿದ್ದು ಹುಲ್ಲು ಚಿಗುರಿದರೆ ಎಲ್ಲ ಸರಿಯಾಗುತ್ತದೆ.

ಬಿಸಿಯ ಪರೀಕ್ಷೆ ಹೋರಿಗಳಲ್ಲಿ ಚೆನ್ನಾಗಿ ಆಗಿದೆ. ಬೀಜದ ಚೀಲಕ್ಕೆ ಕೆಲವು ದಿನ ಬೆಚ್ಚನೆಯ ಹೊದಿಕೆ ಕಟ್ಟಿ ಬಿಚ್ಚಿದರೆ ಮೊದಲ ವಾರ ವೀರ್ಯ ಹೆಚ್ಚುಕಡಿಮೆ ಮೊದಲಿನಂತೆಯೇ. ಎರಡು-ಮೂರು ವಾರ ಕಳೆದ ಮೇಲೆ ತಲೆ ವಿಕಾರವಾದವು ಸಾಲಾಗಿ ಬರಲು ಶುರು. ಹೋರಿಯಲ್ಲಿ ವೀರ್ಯಾಣು ತಯಾರಿಗೆ 61 ದಿನ, ಟಗರಿನಲ್ಲಿ 47. ಮೇಲೆ ಹೇಳಿದ 'ಹಿಂದಿನ ಬಿಸಿ ಮುಂದೆ ಕಾಣುತ್ತದೆ' ಎಂಬುದು ನಮ್ಮಲ್ಲೂ ಸತ್ಯ. ಎಚ್‌ಎಫ್ ಮಿಶ್ರತಳಿ ಹೋರಿಗಳಿಗೆ ಈ ಬಾಧೆ ಹೆಚ್ಚು, ಹಳ್ಳಿಕಾರ್, ಅಮೃತಮಹಲ್‌ನಂಥ ನಾಡತಳಿಗಳು ಸೆಕೆ ತಡೆದುಕೊಳ್ಳುತ್ತವೆ.

ಇಲ್ಲಿ ರೈತರು ಓದುತ್ತಿದ್ದರೆ ಒಂದು ಮಾತು. ಏಪ್ರಿಲ್‌ನಲ್ಲಿ ಹಸು ಕಟ್ಟದಿದ್ದರೆ 'ಬೇಸಿಗೆಯ ಸೆಮೆನ್ ಸರಿಯಿಲ್ಲ' ಎನ್ನಬೇಡಿ. ಸ್ಟ್ರಾದಲ್ಲಿ (ಸೆಮೆನ್ ತುಂಬಿದ ಸಣ್ಣ ಕೊಳವೆಯಲ್ಲಿ) ಇರುವುದು ಹಿಂದೆ ಎಂದೋ ತೆಗೆದು, ಚಲನೆ ಪರೀಕ್ಷಿಸಿ, ಮೈನಸ್ 196 ಡಿಗ್ರಿಯ ದ್ರವ ಸಾರಜನಕದಲ್ಲಿ ಇಟ್ಟದ್ದು. ಅದಕ್ಕೆ ಇವತ್ತಿನ ಸೆಕೆ ಗೊತ್ತಿಲ್ಲ. ಸೆಕೆ ತಾಗಿರುವುದು ಹಸುವಿಗೆ, ಬೆದೆ ಮಂಕಾಗಿರುತ್ತದೆ. ಅಥವಾ ಸ್ಟ್ರಾವನ್ನು 37 ಡಿಗ್ರಿ ನೀರಿನಲ್ಲಿ 30 ಸೆಕೆಂಡ್ ಕರಗಿಸುವ ಬದಲು ಅಂಗೈಯಲ್ಲಿ ಉಜ್ಜಿರುತ್ತಾರೆ.

---

ಹಾಸನ_ಲ್ಯಾಬ್‌ಟೆಕ್

ಬಹಳ ಉಪಕಾರವಾಯಿತು. ಇನ್ನೆರಡು ಅನುಮಾನ. ಮಳೆಗಾಲದಲ್ಲಿ ಡೆಂಗಿ, ವೈರಲ್ ಜ್ವರ ಬಂದು ಹೋದವರ ಸ್ಯಾಂಪಲ್‌ಗಳನ್ನು ಏನು ಮಾಡುವುದು? ಸಕಲೇಶಪುರದಿಂದ ಮನೆಯಲ್ಲೇ ಸ್ಯಾಂಪಲ್ ತೆಗೆದುಕೊಂಡು ಬಸ್ಸಿನಲ್ಲಿ ತರುವವರಿಗೆ ಏನು ಹೇಳಲಿ?

---

ಆಂಡ್ರಾಲಜಿ_ಬೆಂಚ್

ಜ್ವರದ ವಿಷಯ ನೀವೇ ಎತ್ತಿದ್ದು ಒಳ್ಳೆಯದಾಯಿತು. ನಮ್ಮ ಎರಡು ಜಿಲ್ಲೆಗಳಲ್ಲಿ 'ಋತುವಿನ ಇಳಿತ' ಎನ್ನಿಸಿಕೊಳ್ಳುವುದರಲ್ಲಿ ಜ್ವರದ ಪಾಲು ಸೆಕೆಯದಕ್ಕಿಂತ ಕಡಿಮೆಯೇನಲ್ಲ. 2003ರ ಡೆನ್ಮಾರ್ಕ್ ಅಧ್ಯಯನವೊಂದರಲ್ಲಿ, ವೀರ್ಯಾಣು ವಿಭಜನೆಯ ಹಂತದಲ್ಲೋ ಅದರ ಮುಂದಿನ ಹಂತದಲ್ಲೋ ಇದ್ದಾಗ ಜ್ವರ ಬಂದಿದ್ದರೆ ಸಾಂದ್ರತೆ ಮೂರನೇ ಒಂದರಷ್ಟು ಇಳಿದಿತ್ತು. ಮಳೆಗಾಲದ ಡೆಂಗಿಗೆ ಇದು ಹೇಗೋ, ಕೊಪ್ಪ-ಶೃಂಗೇರಿ ಕಡೆ ಬೇಸಿಗೆಗೆ ಮೊದಲೇ ಕಾಣಿಸಿಕೊಳ್ಳುವ ಮಂಗನ ಕಾಯಿಲೆಯ ಜ್ವರಕ್ಕೂ ಇದೇ ಲೆಕ್ಕ. ಫಾರಂನಲ್ಲಿ 'ಕಳೆದ 3 ತಿಂಗಳಲ್ಲಿ ಜ್ವರ ಬಂದಿತ್ತೇ, ಯಾವ ತಾರೀಕು, ಎಷ್ಟು ದಿನ' ಎಂಬ ಸಾಲು ಸೇರಿಸಿ. ಬಂದಿದ್ದರೆ ಪರೀಕ್ಷೆ ಮಾಡಿ ಕೊಡಿ, ಆದರೆ ಜ್ವರ ಬಿಟ್ಟ ದಿನದಿಂದ ಮೂರು ತಿಂಗಳು ತುಂಬಿದ ಮೇಲೆ ಮತ್ತೆ ಮಾಡಿಸಬೇಕೆಂದು ರಿಪೋರ್ಟ್ ಕೆಳಗೆ ಬರೆಯಿರಿ.

ಸಕಲೇಶಪುರದಿಂದ ಹಾಸನಕ್ಕೆ ಸುಮಾರು 40 ಕಿ.ಮೀ. ಮಳೆಯಲ್ಲಿ ಬಸ್ಸು ಒಂದು ಗಂಟೆ ದಾಟುವುದು ಗ್ಯಾರಂಟಿ. ಸ್ಯಾಂಪಲ್ 20ರಿಂದ 37 ಡಿಗ್ರಿಯೊಳಗೆ ಇದ್ದು, ಅರ್ಧ ಗಂಟೆಗೆ, ಬಹಳವೆಂದರೆ ಒಂದು ಗಂಟೆಗೆ ಮೈಕ್ರೋಸ್ಕೋಪಿನ ಕೆಳಗೆ ಬರಬೇಕು. ಅಷ್ಟು ದೂರದವರಿಗೆ ಲ್ಯಾಬಿಗೇ ಬಂದು ಕೊಡಿ ಎನ್ನುವುದೇ ಸರಿ. ಅದಕ್ಕಾಗಿ ಒಳಗಿನಿಂದ ಚಿಲಕ ಹಾಕಿಕೊಳ್ಳಬಹುದಾದ, ಯಾರೂ ಬಾಗಿಲು ತಟ್ಟದ ಒಂದು ಕೋಣೆ ಕೊಡಿ. ಟಾಯ್ಲೆಟ್ಟಿಗೆ ಡಬ್ಬಿ ಕೊಟ್ಟು ಕಳಿಸುವುದು ನಿಲ್ಲಬೇಕು. ಅವಸರದಲ್ಲಿ ಮೊದಲ ಹನಿಗಳು ಹೊರಗೆ ಬಿದ್ದುಹೋದರೆ ವೀರ್ಯಾಣು ದಟ್ಟವಾಗಿರುವ ಭಾಗವೇ ಹೋದಂತೆ. ಚೆಲ್ಲಿತೇ ಎಂದು ಕೇಳಿ ಬರೆದುಕೊಳ್ಳಿ. ಹಾಸನ ಪೇಟೆಯೊಳಗಿನವರು ಮನೆಯಿಂದ ತರುವುದಾದರೆ ಡಬ್ಬಿ ಅಂಗಿಯ ಒಳಜೇಬಿನಲ್ಲಿ, ಮೈಗೆ ತಾಗಿಕೊಂಡಿರಲಿ. ಬೇಸಿಗೆಯಲ್ಲಿ ಬೈಕಿನ ಡಿಕ್ಕಿಯೊಳಗೆ ಇಟ್ಟು ತಂದರೆ ಬೇಯುತ್ತದೆ, ಜುಲೈನಲ್ಲಿ ಕೈಚೀಲದಲ್ಲಿ ತಂದರೆ ತಣಿಯುತ್ತದೆ. ಸೋಪು, ಎಣ್ಣೆ, ಎಂಜಲು, ಮಾಮೂಲಿ ಕಾಂಡೋಮ್ ಯಾವುದೂ ಬೇಡ, ಇವೆಲ್ಲ ಚಲನೆಯನ್ನು ಕೊಲ್ಲುತ್ತವೆ. ಪ್ರಮಾಣವನ್ನು ಸಿರಿಂಜಿನಲ್ಲಿ ಎಳೆದು ಅಳೆಯುವ ಬದಲು ಡಬ್ಬಿಯನ್ನು ಮೊದಲೇ ತೂಗಿಟ್ಟು ಆಮೇಲೆ ಮತ್ತೆ ತೂಗಿ, 1 ಗ್ರಾಮಿಗೆ 1 ಮಿಲಿ ಎಂದು ಹಿಡಿಯಿರಿ.

---

ಚಿಕ್ಕಮಗಳೂರು_ಫಿಜಿಷಿಯನ್

ಕಾಯುವ ಪ್ರಶ್ನೆ ಉಳಿದಿದೆ. ಮೇ ರಿಪೋರ್ಟ್ ಸಹಜವಾಗಿರುವ ಈ ದಂಪತಿ ಮಳೆಗಾಲ ಮುಗಿಯಲಿ ಎಂದು ಕೂರಬೇಕಿಲ್ಲ. ಪ್ರಯತ್ನ ಮುಂದುವರಿಸಲಿ, ಹೆಂಡತಿಯ ಪರೀಕ್ಷೆಗಳೂ ಜೊತೆಜೊತೆಗೆ ಆಗಲಿ. ಆಕೆಗೆ 35 ದಾಟಿದ್ದರೆ ಆರು ತಿಂಗಳ ಪ್ರಯತ್ನದ ಮೇಲೆ, ಅದಕ್ಕಿಂತ ಚಿಕ್ಕವರಾದರೆ ಒಂದು ವರ್ಷದ ಮೇಲೆ ತಜ್ಞರನ್ನು ಕಾಣಬೇಕು. ಗಂಡನ ಕೌಂಟಿಗೆ ಚಳಿಗಾಲ ಬರಲಿ ಎಂದು ಹೆಂಡತಿಯ ತಿಂಗಳುಗಳನ್ನು ಕಳೆಯುವುದು ಅನ್ಯಾಯ.

ಯಾರದಾದರೂ ರಿಪೋರ್ಟ್ ನಿಜಕ್ಕೂ ಗೆರೆಯ ಕೆಳಗಿದ್ದರೆ ಮೂರು ತಿಂಗಳ ಅಂತರದಲ್ಲಿ ಎರಡನೆಯದು. ತೀರಾ ಕಡಿಮೆ, ಅಂದರೆ 5 ಮಿಲಿಯನ್‌ನ ಕೆಳಗೋ ಸೊನ್ನೆಯೋ ಬಂದರೆ ಮೂರು ತಿಂಗಳು ಕಾಯದೆ ಬೇಗ ಮತ್ತೆ ಮಾಡಿ, ಎಫ್‌ಎಸ್‌ಎಚ್ ಮತ್ತು ಬೆಳಗಿನ ಟೆಸ್ಟೋಸ್ಟೆರಾನ್ ತೆಗೆದು ಕಳಿಸಿ. ಆ ಮಟ್ಟದ ಇಳಿತಕ್ಕೆ ಯಾವ ಋತುವೂ ಕಾರಣವಲ್ಲ.

ಬಿಸಿ ತಪ್ಪಿಸಲು ಏನು ಮಾಡಬಹುದು ಎಂದರೆ, ಬೇಕರಿ ಭಟ್ಟಿಯ ಮುಂದೆ ನಿಲ್ಲುವವರು, ಟಿಪ್ಪರ್, ಲಾರಿ ಓಡಿಸುವವರು, ತೊಡೆಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಳ್ಳುವವರು ಗಮನಿಸಬೇಕು. ಕಾಲು ಜೋಡಿಸಿ ಲ್ಯಾಪ್‌ಟಾಪ್ ಇಟ್ಟುಕೊಂಡರೆ ಒಂದು ಗಂಟೆಯಲ್ಲಿ ವೃಷಣದ ಚೀಲದ ಬಿಸಿ 2.6ರಿಂದ 2.8 ಡಿಗ್ರಿ ಏರುತ್ತದೆ. ಬಿಗಿ ಒಳಚಡ್ಡಿಯ ಬದಲು ಸಡಿಲ ಹತ್ತಿಯದು ಒಳ್ಳೆಯದು. ಮಲೆನಾಡಿನವರು ಹಂಡೆಯ ಬಿಸಿನೀರಿಗೆ ಹೆದರುತ್ತಾರೆ. ಚೊಂಬಿನಲ್ಲಿ ಹೊಯ್ದುಕೊಂಡ ನೀರು ಹರಿದು ಹೋಗುತ್ತದೆ, ಅದರಿಂದ ತೊಂದರೆಯಿಲ್ಲ. ತೊಟ್ಟಿಯಲ್ಲಿ ಮುಳುಗಿ ಕೂರುವುದು, ಸ್ಟೀಮ್ ರೂಮ್, ಸೌನಾ ಇವು ಬೇಡ. ಸೆಕೆಗಾಲದ ಇನ್ನೊಂದು ಅಪಾಯ ಕೀಟನಾಶಕದ್ದು. ಆಲೂಗಡ್ಡೆ, ಕಾಫಿಗೆ ಔಷಧಿ ಹೊಡೆಯುವವರು ಸೆಕೆ ಎಂದು ಗ್ಲೌಸ್, ಮಾಸ್ಕ್ ಬಿಚ್ಚಿಡುತ್ತಾರೆ. ಬೆಳಗಿನ ತಂಪಿನಲ್ಲೇ ಹೊಡೆದು ಮುಗಿಸಿ, ಬಟ್ಟೆ ಅಂದೇ ಒಗೆಯಬೇಕು.

ಕೊನೆಯದಾಗಿ, ವೆರಿಕೋಸೀಲ್ (ವೃಷಣದ ಚೀಲದೊಳಗಿನ ರಕ್ತನಾಳಗಳು ಉಬ್ಬಿರುವುದು) ಹುಡುಕುವ ವೈದ್ಯರಿಗೆ. ಮಕ್ಕಳಾಗದ ಗಂಡಸರಲ್ಲಿ ಮೂವರಲ್ಲಿ ಒಬ್ಬರಿಗಿಂತ ಹೆಚ್ಚು ಜನರಲ್ಲಿ ಇದು ಸಿಗುತ್ತದೆ. ಜುಲೈನ ಚಿಕ್ಕಮಗಳೂರಿನ ತಣ್ಣನೆಯ ಕೋಣೆಯಲ್ಲಿ ಚೀಲ ಮುದುಡಿ ಮೇಲಕ್ಕೆ ಎಳೆದುಕೊಂಡಿರುತ್ತದೆ, ಉಬ್ಬಿದ ರಕ್ತನಾಳಗಳು ಕೈಗೆ ಸಿಗುವುದಿಲ್ಲ. ಹೀಟರ್ ಹಾಕಿ ಕೋಣೆ ಬೆಚ್ಚಗಾದ ಮೇಲೆ, ರೋಗಿಯನ್ನು ಐದು ನಿಮಿಷ ನಿಲ್ಲಿಸಿ, ಉಸಿರು ಬಿಗಿಹಿಡಿದು ಮುಕ್ಕಲು ಹೇಳಿ ಮುಟ್ಟಿ ನೋಡಿ.